ಗ್ರೀಗ್ ನಿಲ್ಲುವ ಜಾಗ

ಗ್ರೀಗ್ ಮತ್ತೆ ಅಲ್ಲೇ ನಿಂತಿತು. ಪ್ರಾರ್ಥನಾಮಂದಿರದ ಇಳಿಜಾರು ಮುಗಿದು ದಾರಿ ಎಡಕ್ಕೆ ಹೊರಳುವ ಕಡೆ, ಕುರಿಹೊಲದ ಗೋಡೆ ದಾಟಲು ಮೂರು ಕಲ್ಲುಮೆಟ್ಟಿಲು ಇಟ್ಟಿರುವ ಜಾಗದಲ್ಲಿ. ಯಾರೂ ಲಗಾಮು ಎಳೆದಿರಲಿಲ್ಲ. ಹತ್ತು ಹೆಜ್ಜೆ ಹಿಂದೆ, ಕಡಿವಾಣಕ್ಕೆ ಕಟ್ಟಿದ ಎರಡು ಉದ್ದನೆಯ ಹಗ್ಗಗಳನ್ನು ಎರಡು ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದ ಓಲ್ವೆನ್, "ನಡಿಯಮ್ಮ, ನಡಿ" ಎಂದಳು. ಕುದುರೆ ಒಂದು ಕಿವಿಯನ್ನು ಅವಳತ್ತ ತಿರುಗಿಸಿತು, ಇನ್ನೊಂದನ್ನು ಗೋಡೆಯತ್ತ. ಹಿಂಗಾಲೊಂದನ್ನು ಸಡಿಲ ಬಿಟ್ಟು, ಬಸ್ಸಿಗೆ ಕಾಯುವವರ ಹಾಗೆ ನಿಂತುಕೊಂಡಿತು.

ಅದರ ಬೆನ್ನ ಮೇಲೆ ಕೂತಿದ್ದದ್ದು ಅವಳ ಗಂಡ ಇಥೆಲ್‌ನ ಕಂದು ಪ್ಯಾಂಟು. ಎರಡು ಕಾಲಿಗೂ ಮರಳು ತುಂಬಿ, ತುದಿಗಳನ್ನು ಹೊಲಿದು, ಸೊಂಟದ ಮೇಲಕ್ಕೆ ಅವನ ಹಸಿರು ಜಾಕೆಟ್ಟಿಗೆ ಒಣಹುಲ್ಲು ತುರುಕಿ, ಕುದುರೆಗೆ ಸವಾರನ ಭಾರ ರೂಢಿಯಾಗಲೆಂದು ಓಲ್ವೆನ್ ಅದನ್ನು ಜೀನಿಗೆ ಬಿಗಿದು ಕಟ್ಟಿದ್ದಳು. ತಲೆ ಇಟ್ಟಿರಲಿಲ್ಲ. ತಲೆ ಇಟ್ಟರೆ ನೋಡುವುದು ಕಷ್ಟ ಅನ್ನಿಸಿತ್ತು.

ಆ ಕಣಿವೆಯಲ್ಲಿ ಇಥೆಲ್ ಎನ್ನುವವರು ಮೂವರಿದ್ದರು. ಇವನು ಗಿಡ್ಡ ಇಥೆಲ್. ಹೆಂಡತಿಯ ಭುಜಕ್ಕೆ ಬರುತ್ತಿದ್ದ. ಬಟ್ಟೆಯಂಗಡಿಯಲ್ಲಿ ಶಾಲೆಯ ಹುಡುಗರ ಸಾಲಿನಲ್ಲಿ ಪ್ಯಾಂಟು ಆರಿಸುತ್ತಿದ್ದ. ವೇಲ್ಸಿನ ಬೆಟ್ಟದ ಪೋನಿಗಳು ಮಕ್ಕಳಿಗೆಂದೇ ಇರುವ ಗಿಡ್ಡ ಕುದುರೆಗಳು, ದೊಡ್ಡವರು ಹತ್ತಿ ಪಳಗಿಸುವಂತಿಲ್ಲ. ಪಳಗದ ಕುದುರೆಯ ಮೇಲೆ ಮಗುವನ್ನು ಕೂರಿಸುವಂತೆಯೂ ಇಲ್ಲ. ಹೀಗಾಗಿ ಮೂವತ್ತೊಂದು ವರ್ಷ ಸುತ್ತಲಿನ ಹಳ್ಳಿಗಳ ಮಕ್ಕಳ ಕುದುರೆಗಳ ಮೇಲೆಲ್ಲ ಮೊದಲು ಕೂತವನು ಇಥೆಲ್. ನೆಲದ ಮೇಲಿನ ಕೆಲಸ ಓಲ್ವೆನ್‌ಳದು, ಬೆನ್ನ ಮೇಲಿನದು ಅವನದು. ಅವರಿಗೆ ಮಕ್ಕಳಾಗಲಿಲ್ಲ. ಗ್ರೀಗ್ ಅನ್ನು ಅರ್ಧ ಪಳಗಿಸಿ, ಫೆಬ್ರವರಿಯಲ್ಲಿ ಹಾಸಿಗೆ ಹಿಡಿದು, ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಶ್ವಾಸಕೋಶ.

ಈಗ ಆಗಸ್ಟ್. ಅಕ್ಟೋಬರ್ ಕೊನೆಯ ಸಂತೆಯೊಳಗೆ ಗ್ರೀಗ್‌ಗೆ ಸವಾರಿಗೊಂದು ಮಗು ಸಿಗಬೇಕಿತ್ತು. ಸವಾರಿಗೆ ಬಾರದ ಪೋನಿಗಳು ಆ ಸಂತೆಯಿಂದ ಲಾರಿ ಹತ್ತಿ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಕಣಿವೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇನ್ನೊಂದು ಚಳಿಗಾಲ ಬೆಟ್ಟಕ್ಕೆ ಹುಲ್ಲು ಹೊರಲು ಓಲ್ವೆನ್‌ಳ ಮೊಣಕಾಲು ಒಪ್ಪುತ್ತಿರಲಿಲ್ಲ.

"ಏನ್ ಓಲ್ವೆನ್, ಗಂಡನ್ನ ಗಾಳಿ ತಿನ್ನಿಸೋಕೆ ಕರ್ಕೊಂಡ್ ಬಂದ್ಯಾ?"

ಗೇಟಿಗೆ ಒರಗಿ ನಿಂತಿದ್ದವನು ಹೆವಿನ್. ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾಗಿದ್ದರೂ ಎಲ್ಲರಿಗೂ ಇನ್ನೂ ಅಂಚೆ ಹೆವಿನ್.

"ಮನೇಲಿ ಕೂತ್ರೆ ನಿನ್ನ ಹಾಗೆ ಹೊಟ್ಟೆ ಬರುತ್ತೆ ಅಂದ" ಎಂದಳು ಓಲ್ವೆನ್. "ನೋಡು ಇದನ್ನ. ನಾಲ್ಕು ದಿನದಿಂದ ಹೀಗೇ. ಗೊರಸು ನೋಡಿದೆ, ಜೀನಿನ ಪಟ್ಟಿ ನೋಡಿದೆ. ಏನೂ ಇಲ್ಲ. ಇಲ್ಲಿಗೆ ಬಂದ್ರೆ ಮೊಳೆ ಹೊಡೆದ ಹಾಗೆ ನಿಲ್ಲುತ್ತೆ."

ಹೆವಿನ್ ಟೋಪಿ ತೆಗೆದು ಒಳಗೆ ಏನೋ ಬರೆದಿದೆ ಎನ್ನುವಂತೆ ನೋಡಿದ.

"ಗೊತ್ತಿದ್ರೆ ಹೇಳು."

"ನನ್ನ ಕೇಳ್ಬೇಡ ಮಾರಾಯ್ತಿ. ಮಾತು ಕೊಟ್ಟಿದ್ದೀನಿ."

"ಕೊಟ್ಟಿದ್ದು ಅವನಿಗೆ ತಾನೆ? ಅವನೇನು ಬಂದು ಜಗಳ ಆಡಲ್ಲ. ನಾನು ಆಡ್ತೀನಿ."

ಹೆವಿನ್ ಮೇಲಿನ ಮೆಟ್ಟಿಲಿನ ಪಕ್ಕದ ಚಪ್ಪಟೆ ಕಲ್ಲಿನತ್ತ ಗದ್ದ ಎತ್ತಿ ತೋರಿಸಿದ. ಓಲ್ವೆನ್ ಹಗ್ಗಗಳನ್ನು ಅವನ ಕೈಗೆ ಕೊಟ್ಟು ಹೋಗಿ ಕಲ್ಲು ಸರಿಸಿದಳು. ಸಂದಿಯಲ್ಲಿ ಒಂದು ತಗಡಿನ ಡಬ್ಬಿ. ಒಳಗೆ ಚಿಟಿಕೆ ತಂಬಾಕು, ಸುತ್ತುವ ಕಾಗದ, ಬೆಂಕಿಪೊಟ್ಟಣ. ಮಿಕ್ಕ ಜಾಗದ ತುಂಬ ಬಿಳಿ ಪೆಪ್ಪರ್‌ಮೆಂಟುಗಳು.

"ದಿನಾ ಒಂದೇ ಒಂದು ಸೇದ್ತಿದ್ದ" ಎಂದ ಹೆವಿನ್. "ಆಮೇಲೆ ಬಾಯಿಗೊಂದು ಪೆಪ್ಪರ್‌ಮೆಂಟು, ನಿನಗೆ ವಾಸನೆ ಬರಬಾರದು ಅಂತ. ಕುದುರೆಗೊಂದು. ಅದು ಚಾಡಿ ಹೇಳಬಾರದು ಅಂತ."

ಎರಡು ವರ್ಷದ ಹಿಂದೆ, ಸೇದುವುದು ಬಿಡಬೇಕೆಂದು ಡಾಕ್ಟರು ಹೇಳಿದ ದಿನವೇ ಇಥೆಲ್ ಅವಳ ಕಣ್ಣೆದುರು ತಂಬಾಕಿನ ಚೀಲವನ್ನು ಒಲೆಗೆ ಎಸೆದಿದ್ದ. ಅವಳು ಅವತ್ತು ಅವನಿಗಿಷ್ಟವಾದ ಕುರಿಮಾಂಸದ ಸಾರು ಮಾಡಿದ್ದಳು. ಮಕ್ಕಳ ಹಾಗೆ ಪೆಪ್ಪರ್‌ಮೆಂಟು ತಿನ್ನುತ್ತಾನಲ್ಲ ಎಂದು ಎರಡು ವರ್ಷ ನಕ್ಕಿದ್ದಳು. ಡಬ್ಬಿಯ ಮುಚ್ಚಳವನ್ನು ಅವಳು ಎಷ್ಟು ಜೋರಾಗಿ ಮುಚ್ಚಿದಳೆಂದರೆ ಗ್ರೀಗ್ ತಲೆ ಎತ್ತಿತು.

"ಕಳ್ಳ" ಎಂದಳು ಜೀನಿನ ಮೇಲಿನ ಜಾಕೆಟ್ಟಿಗೆ. "ಸುಳ್ಳುಗಾರ. ಗಿಡ್ಡ."

ಹೆವಿನ್ ಹಗ್ಗ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದ. ಗ್ರೀಗ್ ಕತ್ತು ಚಾಚಿ ಡಬ್ಬಿಯನ್ನು ಮೂಸಿತು. ಸ್ವಲ್ಪ ಹೊತ್ತು ಬಿಟ್ಟು ಓಲ್ವೆನ್ ಮುಚ್ಚಳ ತೆಗೆದು ಒಂದು ಪೆಪ್ಪರ್‌ಮೆಂಟನ್ನು ಅಂಗೈಯಲ್ಲಿಟ್ಟು ಹಿಡಿದಳು. ಕುದುರೆ ಅದನ್ನು ತುಟಿಯಿಂದ ಎತ್ತಿಕೊಂಡು, ಕಟಕಟ ಕಡಿದು, ಯಾರೂ ಹೇಳದೆ ತಾನಾಗಿ ಹೊರಟಿತು.

ಹಾಗೆ ಮಾಡಬಾರದಿತ್ತು. ಕುದುರೆಗೆ ಮೂರು ಸಲ ಬಿಟ್ಟುಕೊಟ್ಟಿದ್ದು ಕಲಿಸಿದ ಪಾಠವೇ ಆಗುತ್ತದೆ ಎಂದು ಕಣಿವೆಯ ಅರ್ಧ ಜನಕ್ಕೆ ಹೇಳಿಕೊಟ್ಟವಳು ಅವಳೇ. ಆದರೂ ಮಾರನೆಯ ದಿನ ಹನ್ನೊಂದು ಗಂಟೆಗೆ ಮೆಟ್ಟಿಲ ಬಳಿ ಹಗ್ಗ ಸಡಿಲಿಸಿದಳು. ಅದರ ಮಾರನೆಯ ದಿನವೂ. ಗ್ರೀಗ್ ನಿಲ್ಲುತ್ತಿತ್ತು, ಅವಳು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಲ್ಲಿಂದ ತಮ್ಮ ಮನೆಯ ಹೊಗೆಕೊಳವೆ ಕಾಣುತ್ತದೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಚಹಾಕ್ಕೆ ಕೆಟಲ್ ಇಡಲು ಅವಳು ಒಲೆ ಕೆದಕಿದ್ದು ಇಥೆಲ್‌ಗೆ ಇಲ್ಲಿಂದಲೇ ತಿಳಿಯುತ್ತಿತ್ತು. ಒಂದು ಸಿಗರೇಟಿನಷ್ಟು ಹೊತ್ತು ಕೂತು, ಕುದುರೆಗೆ ಪೆಪ್ಪರ್‌ಮೆಂಟು ಕೊಟ್ಟು, ಏಳುತ್ತಿದ್ದಳು. ಹೀಗೆ ಮೂರು ವಾರ.

ಸೆಪ್ಟೆಂಬರ್‌ನಲ್ಲಿ ಕರಾವಳಿಯ ಕಡೆಯಿಂದ ಎಲೆರಿ ಎಂಬ ಹೆಂಗಸು ಎಂಟು ವರ್ಷದ ಮಗಳು ಮಾಬ್ಲಿಯನ್ನು ಕರೆದುಕೊಂಡು ಬಂದಳು. ಓಲ್ವೆನ್ ಮೊದಲೇ ಹೇಳಿದಳು: "ನೋಡಿ, ಇದರ ಮೇಲೆ ಇನ್ನೂ ಮಗು ಕೂತಿಲ್ಲ. ನನ್ನ ಯಜಮಾನರು ಕೂತಿದ್ದಾರೆ, ಮರಳು ಕೂತಿದೆ. ನಾನು ಹಿಂದೆ ಹಗ್ಗ ಹಿಡಿದೇ ಇರ್ತೀನಿ."

ಮರಳಿನ ಪ್ಯಾಂಟನ್ನು ಇಳಿಸಿ ಮಾಬ್ಲಿಯನ್ನು ಹತ್ತಿಸಿದರು. ಗ್ರೀಗ್ ಒಮ್ಮೆ ಉಸಿರು ಬಿಟ್ಟು ಹೊರಟಿತು. ಹುಡುಗಿಯ ಕೈ ಮೆದುವಾಗಿತ್ತು. ಲಗಾಮನ್ನು ಹಕ್ಕಿ ಹಿಡಿದ ಹಾಗೆ ಹಿಡಿದಿದ್ದಳು. ಓಲ್ವೆನ್‌ಗೆ ಹತ್ತೇ ಹೆಜ್ಜೆಯಲ್ಲಿ ಗೊತ್ತಾಯಿತು, ಇದೇ ಆ ಮಗು. ಇಳಿಜಾರಿನಲ್ಲಿ ಹಾಲಿನ ಟ್ಯಾಂಕರ್ ಎದುರಾದರೂ ಕುದುರೆ ಬೆದರಲಿಲ್ಲ. ಮೆಟ್ಟಿಲ ಬಳಿ ಬಂದು ನಿಂತಿತು.

"ಹೋಗು ಚಿನ್ನ" ಎಂದಳು ಮಾಬ್ಲಿ. ಕಾಲಿನಿಂದ ಒತ್ತಿದಳು. ಗ್ರೀಗ್ ಗೋಡೆ ನೋಡುತ್ತಿತ್ತು. "ಯಾರಿಗೆ ಕಾಯ್ತಾ ಇದೆ ಆಂಟಿ?"

ಓಲ್ವೆನ್‌ಳ ಜೇಬಿನಲ್ಲಿ ಡಬ್ಬಿ ಇತ್ತು. ಒಂದು ಕೊಟ್ಟಿದ್ದರೆ ಕುದುರೆ ಹೊರಡುತ್ತಿತ್ತು, ವ್ಯಾಪಾರವೂ ಮುಗಿಯುತ್ತಿತ್ತು. ಕೈ ಜೇಬಿನವರೆಗೆ ಹೋಗಿ ಹಿಂದೆ ಬಂತು.

ಎಲೆರಿ ದನಿ ತಗ್ಗಿಸಿ ಹೇಳಿದಳು: "ತಪ್ಪು ತಿಳ್ಕೋಬೇಡಿ. ಕುದುರೆ ಮುದ್ದಾಗಿದೆ. ಆದ್ರೆ ನಮ್ಮನೆ ಮುಂದೆ ಇರೋದು ದೊಡ್ಡ ರಸ್ತೆ. ಹೀಗೆ ತಿರುವಿನಲ್ಲಿ ನಿಂತುಬಿಟ್ರೆ…"

"ಕುದುರೆ ತಪ್ಪಲ್ಲ" ಎಂದಳು ಓಲ್ವೆನ್. "ನಾನು ಹಾಳು ಮಾಡಿದ್ದು. ಎರಡು ವಾರ ಕೊಡಿ. ಮರೆಸ್ತೀನಿ."

ಅವತ್ತು ಸಂಜೆ ಡಬ್ಬಿಯನ್ನು ಮತ್ತೆ ಕಲ್ಲಿನ ಕೆಳಗೆ ಇಟ್ಟು ಬಂದಳು. ಅದರಲ್ಲಿ ಒಂದೇ ಪೆಪ್ಪರ್‌ಮೆಂಟು ಉಳಿದಿತ್ತು.

ಮರುದಿನದಿಂದ, ಮೆಟ್ಟಿಲಿಗೆ ಇಪ್ಪತ್ತು ಹೆಜ್ಜೆ ಮೊದಲು, ಮುಳ್ಳುಮರದ ಹತ್ತಿರವೇ ದನಿ ಏರಿಸಿ ಕುದುರೆಯನ್ನು ಚುರುಕು ಮಾಡುತ್ತಿದ್ದಳು. ಆದರೂ ಅದು ನಿಲ್ಲುತ್ತಿತ್ತು. ಮೂರನೆಯ ದಿನ ಹಗ್ಗದಿಂದ ಅದರ ಪೃಷ್ಠಕ್ಕೆ ಒಂದು ಬಾರಿಸಿದಳು. ಅವಳು ಎಂದೂ ಕುದುರೆಗೆ ಹೊಡೆದವಳಲ್ಲ. ಗ್ರೀಗ್ ಬೆಚ್ಚಿ ಮುಂದೆ ಜಿಗಿಯಿತು. ಮರಳು ತುಂಬಿದ ಕಾಲುಗಳು ಎರಡೂ ಪಕ್ಕಕ್ಕೆ ಬಡಿದವು, ಥೇಟ್ ಅವನು ಕಾಲು ಬಡಿಯುತ್ತಿದ್ದ ಹಾಗೆ. ಆರನೆಯ ದಿನ ನಿಂತು, ಅವಳ ದನಿ ಕೇಳಿ ಹೊರಟಿತು. ಒಂಬತ್ತನೆಯ ದಿನ ನಿಲ್ಲಲಿಲ್ಲ, ನಿಧಾನವಾಯಿತು, ಗೋಡೆಯ ಕಡೆ ಕಿವಿ ಕೊಟ್ಟಿತು. ಹನ್ನೆರಡನೆಯ ದಿನ ಆ ಜಾಗ ಉಳಿದ ದಾರಿಯ ಹಾಗೇ ಒಂದು ಜಾಗ ಎನ್ನುವಂತೆ ದಾಟಿಹೋಯಿತು.

"ಭೇಷ್!" ಎಂದು ಹೆವಿನ್ ಗೇಟಿನಿಂದ ಕೂಗಿದ. "ಗೆದ್ದೆ ಬಿಡು ಓಲ್ವೆನ್!"

ಅವಳು ಮನೆಗೆ ಬಂದು ಪ್ಯಾಂಟಿನ ಹೊಲಿಗೆ ಬಿಚ್ಚಿ ಮರಳನ್ನು ಕೋಳಿಗೂಡಿನ ಮುಂದೆ ಸುರಿದಳು. ಪ್ಯಾಂಟನ್ನು ಒಗೆಯದೆ ಮಡಿಸಿಟ್ಟಳು.

ಶನಿವಾರ ಎಲೆರಿ ಮಗಳೊಂದಿಗೆ ಬಂದಳು, ಈ ಸಲ ಕಾರಿನ ಹಿಂದೆ ಕುದುರೆ ಸಾಗಿಸುವ ಟ್ರೇಲರ್ ಕಟ್ಟಿಕೊಂಡು. ಪ್ರಾರ್ಥನಾಮಂದಿರ ದಾಟಿದ ಮೇಲೆ ಓಲ್ವೆನ್ ಉದ್ದನೆಯ ಹಗ್ಗಗಳನ್ನು ಬಿಚ್ಚಿ ತೋಳಿಗೆ ಸುತ್ತಿಕೊಂಡಳು.

"ಇನ್ನು ನಿನ್ನ ಕೈಯಲ್ಲೇ ಪುಟ್ಟಿ. ನಾನು ಹಿಂದೆ ಬರ್ತೀನಿ."

ಮಾಬ್ಲಿ ಮುಂದೆ ಹೋದಳು, ಪಕ್ಕದಲ್ಲಿ ಎಲೆರಿ. ಮುಳ್ಳುಮರ ಬಂತು. ಓಲ್ವೆನ್ ದನಿ ಏರಿಸಲಿಲ್ಲ. ಮೆಟ್ಟಿಲು ಬಂತು. ಗ್ರೀಗ್‌ನ ಬಲಗಿವಿ ಗೋಡೆಯ ಕಡೆ ಒಮ್ಮೆ ಹೊರಳಿ ಮತ್ತೆ ಮುಂದಕ್ಕೆ ಬಂತು. ಹುಡುಗಿ ಏನೋ ಹೇಳಿ ನಕ್ಕಳು. ಗೊರಸುಗಳ ಸದ್ದು ಒಂದೇ ಲಯದಲ್ಲಿ ತಿರುವು ದಾಟಿ ಬೇಲಿಯ ಹಿಂದೆ ಮರೆಯಾಯಿತು.

"ಆಂಟಿ! ನಿಲ್ಲಲೇ ಇಲ್ಲ ನೋಡಿದ್ರಾ?" ತಿರುವಿನ ಆಚೆಯಿಂದ ಮಾಬ್ಲಿಯ ದನಿ. "ಬನ್ನಿ ಆಂಟಿ!"

"ಬಂದೆ, ಬಂದೆ. ನೀನು ನಡೆಸು" ಎಂದು ಓಲ್ವೆನ್ ಕೂಗಿದಳು.

ಆಮೇಲೆ ಚಪ್ಪಟೆ ಕಲ್ಲನ್ನು ಸರಿಸಿ, ಡಬ್ಬಿ ತೆಗೆದು, ಕೊನೆಯ ಪೆಪ್ಪರ್‌ಮೆಂಟನ್ನು ಬಾಯಿಗೆ ಹಾಕಿಕೊಂಡಳು. ಮೆಟ್ಟಿಲ ಮೇಲೆ ಕೂತಳು. ಕೆಳಗೆ ಮನೆಯ ಹೊಗೆಕೊಳವೆಯಿಂದ ಹೊಗೆ ಏಳುತ್ತಿರಲಿಲ್ಲ. ಅವಳು ಪೆಪ್ಪರ್‌ಮೆಂಟನ್ನು ಕಡಿಯಲಿಲ್ಲ, ಅದು ತಾನಾಗಿ ಕರಗುವವರೆಗೆ ಕೂತಿದ್ದಳು.