ಮರದ ತುದಿ ನೋಡಿ ನಡೆಯುವವಳು

ಪಾಶಿಲೆ ಊರಿನಲ್ಲಿ ಎಲ್ಲರೂ ತಲೆ ತಗ್ಗಿಸಿ ನಡೆಯುತ್ತಾರೆ. ಅದು ವಿನಯದಿಂದ ಬಂದದ್ದಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ಲಿಥುವೇನಿಯಾದ ತೆಂಕಣ ಅಂಚಿನ ಈ ಮರಳುನೆಲದಲ್ಲಿ ಹೊಲ ಕೊಟ್ಟದ್ದು ಯಾವಾಗಲೂ ಅಷ್ಟಕ್ಕಷ್ಟೇ. ಉಳಿದದ್ದನ್ನೆಲ್ಲ ಕೊಟ್ಟದ್ದು ಪೈನ್ ಕಾಡಿನ ನೆಲ. ಬೇಸಿಗೆಯ ನೀಲಿಹಣ್ಣು, ಮಳೆ ಬಿದ್ದ ಮೇಲಿನ ಹಳದಿ ಅಣಬೆ, ಚಳಿ ಶುರುವಾಗುವ ಮುಂಚಿನ ಕಂದುಟೋಪಿಯ ದಪ್ಪ ಅಣಬೆ, ಒಲೆ ಹೊತ್ತಿಸಲು ಒಣಗಿದ ಪೈನ್ ಕಾಯಿ. ಹೀಗಾಗಿ ನಮ್ಮಲ್ಲಿ ಆಗತಾನೆ ಹೆಜ್ಜೆ ಕಲಿತ ಮಗುವೂ ಪಾಚಿಯ ಮೇಲೆ ಕಣ್ಣಿಟ್ಟೇ ನಡೆಯುತ್ತದೆ; ಚರ್ಚಿಗೆ ಹೊರಟ ಮದುಮಗಳೂ ದಾರಿಬದಿಯ ಮರಗಳ ಬುಡವನ್ನು ಒಮ್ಮೆ ಕಣ್ಣಲ್ಲೇ ಗುಡಿಸಿ ಮುಂದೆ ಸಾಗುತ್ತಾಳೆ. ಇಂಥ ಊರಿನಲ್ಲಿ ಉಲಿಯೋನಾ ಒಬ್ಬಳು ಮಾತ್ರ ಮರದ ತುದಿ ನೋಡುತ್ತ ನಡೆಯುತ್ತಾಳೆ.

ಅವಳ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದು. ಕೆಲವು ಹೆಜ್ಜೆ, ಒಂದು ನಿಲುಗಡೆ. ಮತ್ತೆ ಕೆಲವು ಹೆಜ್ಜೆ, ಮತ್ತೆ ನಿಲುಗಡೆ. ನಿಂತಾಗ ಬಾಯಿ ಸ್ವಲ್ಪ ತೆರೆದಿರುತ್ತದೆ, ತಲೆವಸ್ತ್ರ ಹಿಂದಕ್ಕೆ ಜಾರಿ ಹೆಗಲ ಮೇಲೆ ಬಿದ್ದಿರುತ್ತದೆ, ಮೊಣಕಾಲುಗಳಲ್ಲಿ ಬೇರು ಎಡವಿ ಬಿದ್ದ ಹಳೆಯ ಗಾಯಗಳ ಕಲೆ. ಮೈಮೇಲೆ ಗಂಡ ಪ್ರಾನಾಸ್ ಹಾಕಿ ಬಿಟ್ಟ ಹಸಿರು ಕೋಟು. ತೋಳು ಉದ್ದವಾದ್ದರಿಂದ ಮಡಚಿ ಹೊಲಿದುಕೊಂಡಿದ್ದಾಳೆ. ಅದರ ಜೇಬಿನಲ್ಲಿ ಕರಿರೊಟ್ಟಿಯ ಒಣ ಅಂಚು, ನಾಯಿಯ ಹಗ್ಗ, ಮತ್ತು ಯಾವಾಗ ನೋಡಿದರೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು. ಕೆಲಸದ ನಡುವಿನಿಂದ ಎದ್ದುಬಂದವಳು ಎಂಬುದಕ್ಕೆ ಆ ಕ್ಲಿಪ್ಪುಗಳೇ ಸಾಕ್ಷಿ.

ಮಾತಿನಲ್ಲೂ ಅವಳದೊಂದು ಚಾಳಿ ಇದೆ. ಯಾರ ಜೊತೆ ಏನೇ ಮಾತಾಡುತ್ತಿರಲಿ, ಹೊರಗೆ ಹಕ್ಕಿ ಕೂಗಿದರೆ ಬೆರಳೆತ್ತಿ "ತಡಿ" ಅನ್ನುತ್ತಾಳೆ. ಕೂಗು ಮುಗಿದ ಮೇಲೆ ಮಾತನ್ನು ಬಿಟ್ಟ ಪದದಿಂದಲೇ ಎತ್ತಿಕೊಳ್ಳುತ್ತಾಳೆ. ಒಮ್ಮೆ ಪ್ರಾನಾಸ್ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮೇಜು ಗುದ್ದಿ ಬೈಯುತ್ತಿದ್ದಾಗಲೂ ಹಾಗೇ ಬೆರಳೆತ್ತಿದ್ದಳು. ಅವನೂ ಅಭ್ಯಾಸಬಲದಿಂದ ಬಾಯಿ ಮುಚ್ಚಿ ಕಿವಿಗೊಟ್ಟ. ಹಕ್ಕಿ ಸುಮ್ಮನಾದಾಗ ಬೈಗುಳ ಎಲ್ಲಿಗೆ ನಿಂತಿತ್ತೆಂದು ಅವನಿಗೆ ನೆನಪಿರಲಿಲ್ಲ.

ಹಕ್ಕಿಗಳಿಗೆ ಅವಳು ಇಟ್ಟ ಹೆಸರುಗಳು ಮನೆಯೊಳಗಿನಿಂದ ಬಂದವು. ಬರ್ಚ್ ಮರದ ನೆರಳಲ್ಲಿ ಸರಸರನೆ ಉದುರಿಸಿದಂತೆ ಹಾಡುವ ಸಣ್ಣ ಹಕ್ಕಿ 'ಹಿಟ್ಟು ಜರಡಿ'. ದೊಡ್ಡ ಕರಿ ಮರಕುಟಿಗ 'ಬಾವಿ ರಾಟೆ', ಏಕೆಂದರೆ ಅದರ ಕೂಗು ಎಣ್ಣೆ ಕಾಣದ ರಾಟೆಯಂತೆಯೇ ಕೊರಗುತ್ತದೆ. ಹೊಳೆಯ ಮೇಲಿನ ಹಳದಿ ಹಕ್ಕಿ 'ತುಂಬಿದ ಕೊಡ'. ದಿನವಿಡೀ ಕೈಯಲ್ಲಿ ಹಿಡಿದ ವಸ್ತುಗಳನ್ನೇ ಅವಳು ಕಾಡಿನಲ್ಲೂ ಕೇಳುತ್ತಿದ್ದಳೋ, ಅಥವಾ ಕಾಡಿನಲ್ಲಿ ಕೇಳಿದ್ದನ್ನು ಮನೆಗೆಲಸದ ನಡುವೆ ಮತ್ತೆ ಕೇಳಿಸಿಕೊಳ್ಳಲು ಈ ಉಪಾಯವೋ, ಹೇಳುವುದು ಕಷ್ಟ.

ಆ ಮನೆಯಲ್ಲಿ ಮೊದಲು ಏಳುವವಳು ಅವಳೇ. ಹಸು ಕರೆಯುವುದು, ಹಂದಿಗೆ ಆಲೂಗಡ್ಡೆ ಬೇಯಿಸುವುದು, ಪ್ರಾನಾಸನ ಒದ್ದೆ ಬೂಟುಗಳನ್ನು ಒಲೆಯ ಮೇಲಿಂದ ಇಳಿಸಿ ಎಣ್ಣೆ ಸವರುವುದು, ಅತ್ತೆ ತೆಕ್ಲೆಯ ಊದಿದ ಕಾಲುಗಳಿಗೆ ಮುಲಾಮು ತಿಕ್ಕುವುದು. ಇದೆಲ್ಲ ಮುಗಿದು ಮಧ್ಯಾಹ್ನದ ಸೂಪು ಒಲೆಗೇರುವುದರೊಳಗೆ ಒಂದು ಸಣ್ಣ ಸಂದು ಸಿಗುತ್ತದೆ. ಅದೇ ಅವಳ ಕಾಡು. ಆದರೆ ನಮ್ಮಲ್ಲಿ ಹೆಂಗಸು ಕಾಡಿಗೆ ಸುಮ್ಮನೆ ಹೋಗುವುದಿಲ್ಲ. ತೋಳಿಗೆ ಬುಟ್ಟಿ ಬೇಕು, ಬುಟ್ಟಿಯಲ್ಲಿ ಏನಾದರೂ ಬರಬೇಕು. ಮರಳಿದ ಸೊಸೆಯನ್ನು ತೆಕ್ಲೆ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಕಾಡು ಏನು ಕೊಡ್ತು?" ಪ್ರಾನಾಸ್ ದಿನವೆಲ್ಲ ಹೊಳೆದಂಡೆಯಲ್ಲಿ ಗಾಳ ಹಾಕಿ ಒಂದು ಮೀನೂ ಇಲ್ಲದೆ ಬಂದರೆ ಆ ಪ್ರಶ್ನೆ ಇರುತ್ತಿರಲಿಲ್ಲ. "ದಣಿದು ಬಂದಿದಾನೆ, ಬಿಸಿ ಸೂಪು ಕೊಡೇ" ಎಂಬ ಮಾತು ಸೊಸೆಯ ಕಡೆ ಹೋಗುತ್ತಿತ್ತು. ಆದ್ದರಿಂದ ಉಲಿಯೋನಾ ಮರದ ತುದಿ ನೋಡಿ ಬಂದ ದಿನವೂ ಕೊನೆಯ ಗಳಿಗೆಯಲ್ಲಿ ಬಗ್ಗಿ, ಕೈಗೆ ಸಿಕ್ಕ ಪೈನ್ ಕಾಯನ್ನೋ ಪೊರಕೆಗೆ ಬೇಕಾದ ಬರ್ಚ್ ಕಡ್ಡಿಯನ್ನೋ ಬುಟ್ಟಿಗೆ ತುಂಬಿ ತರುತ್ತಿದ್ದಳು. ನಡಿಗೆಗೆ ಅವಳು ಕಟ್ಟುತ್ತಿದ್ದ ಸುಂಕ ಅದು.

ಜೊತೆಗೆ ರೂದಿಸ್ ಇರುತ್ತಿತ್ತು. ಕೆಂಚು ಮೈಯ ಆ ನಾಯಿಯನ್ನು ಪ್ರಾನಾಸ್ ಬೇಟೆಗೆಂದು ತಂದಿದ್ದ. ಮೊದಲ ಗುಂಡಿನ ಸದ್ದಿಗೇ ಅದು ಓಡಿಬಂದು ಉಲಿಯೋನಾಳ ಲಂಗದ ಹಿಂದೆ ಅಡಗಿತು; ಮತ್ತೆ ಬೇಟೆಯ ಮಾತು ಬರಲಿಲ್ಲ. ಅವಳ ಜೊತೆ ನಡೆದು ನಡೆದು ಅದು ಬೊಗಳುವುದನ್ನೇ ಕಾಡಿನಲ್ಲಿ ಬಿಟ್ಟಿತ್ತು. ಜಿಂಕೆ ಕಂಡರೆ ಮುಂಗಾಲು ಮಡಚಿ ನಿಲ್ಲುವುದು, ಕಾಡುಹಂದಿಯ ವಾಸನೆ ಬಂದರೆ ಅವಳ ಮೊಣಕಾಲಿಗೆ ಒರಗುವುದು. ಮನೆಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಅದರ ಕಿವಿಯೊಳಗಿನ ಉಣ್ಣೆಹುಳ ಆರಿಸುವುದು ಉಲಿಯೋನಾಳ ದಿನದ ಕೆಲಸಗಳಲ್ಲಿ ಒಂದು. ಇಷ್ಟಪಟ್ಟು ಮಾಡುತ್ತಿದ್ದ ಒಂದು.

ಊರಿನವರು ಇದನ್ನೆಲ್ಲ ಬೇರೆಯೇ ರೀತಿ ಅರ್ಥ ಮಾಡಿಕೊಂಡಿದ್ದರು. ಪಾಶಿಲೆಯಲ್ಲಿ ಅಣಬೆಯ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಸಾಯುವ ಮುಂಚೆ ಮಗಳ ಕಿವಿಯಲ್ಲಿ ಹೇಳಿದರೆ ಹೇಳಿದರು, ಇಲ್ಲವಾದರೆ ಇಲ್ಲ. ಕಾಡಿನಿಂದ ಬರುವಾಗ ಎಲ್ಲರೂ ಬುಟ್ಟಿಯ ಮೇಲೆ ಜರೀಗಿಡದ ಎಲೆ ಮುಚ್ಚುತ್ತಾರೆ: ತುಂಬಿದ್ದರೆ ಜಾಗದ ಗುಟ್ಟು ರಟ್ಟಾಗಬಾರದೆಂದು, ಖಾಲಿಯಿದ್ದರೆ ಮಾನ ಹೋಗಬಾರದೆಂದು. ಹೀಗಿರುವಾಗ ಒಬ್ಬಳು ದಿನವೂ ಒಂದೇ ತಗ್ಗಿನ ಕಡೆ ಹೋಗುವುದು, ಅದೂ ಆಕಾಶ ನೋಡುತ್ತ ಹೋಗುವುದು ಎಂದರೆ ಏನು? ಪಕ್ಕದ ಮನೆಯ ಬ್ರೋನೆಗೆ ಅನುಮಾನವೇ ಇರಲಿಲ್ಲ. "ಕಣ್ಣು ಮೇಲೆ, ಕಾಲು ಅಣಬೆ ಮೇಲೆ. ಬಲು ಕಿಲಾಡಿ ಇವಳು" ಅನ್ನುತ್ತಿದ್ದಳು. ಎರಡು ಮೂರು ಸಲ ಹಿಂಬಾಲಿಸಿದ್ದಳು ಕೂಡ. ಪ್ರತಿಸಲವೂ ರೂದಿಸ್ ತಿರುಗಿ ನೋಡಿ ಬಾಲ ಅಲ್ಲಾಡಿಸಿದ್ದರಿಂದ ಸಿಕ್ಕಿಬಿದ್ದು, "ನಮ್ಮ ಕೋಳಿ ಈ ಕಡೆ ಬಂತಾ ಅಂತ..." ಎಂದು ಹೇಳಿ ಮರಳಿದ್ದಳು.

ಆ ವರ್ಷ ಬೇಸಿಗೆಯ ಆರಂಭದಲ್ಲಿ ತಗ್ಗಿನ ಓಕ್ ಮರಗಳ ನಡುವೆ ರೂದಿಸ್ ಏನನ್ನೋ ಮೂಸುತ್ತ ನಿಂತಿತು. ಉಲಿಯೋನಾ ನೋಡಿದಳು: ಮೀನು. ಬೆರಳುದ್ದದ, ಅರ್ಧ ಕರಗಿದ ಮೀನು, ಹೊಳೆಯಿಂದ ಅಷ್ಟು ದೂರದ ಒಣ ಎಲೆಗಳ ಮೇಲೆ. ಸುತ್ತ ಜರೀಗಿಡಗಳ ಮೇಲೆ ಸುಣ್ಣ ಎರಚಿದಂತೆ ಬಿಳಿ. ಅವಳು ತಲೆಯೆತ್ತಿದಳು. ಮರದ ಅಡ್ಡಕೊಂಬೆಯ ಮೇಲೆ ಗಾಡಿಚಕ್ರದಷ್ಟು ಅಗಲದ ಗೂಡು. ಅಂಚಿನಲ್ಲಿ ಮೂರು ಮರಿಗಳ ಬೂದು ಕೊಕ್ಕು. ಅವುಗಳ ಹಿಂದೆ, ಕೆಂಪು ಕಾಲಿನ ಮೇಲೆ, ಕತ್ತಲೆಯನ್ನೇ ಇಸ್ತ್ರಿ ಮಾಡಿ ಉಟ್ಟಂತೆ ಹೊಳೆಯುವ ಕರಿ ಕೊಕ್ಕರೆ. ನಮ್ಮ ಅಂಗಳದ ಕಂಬಗಳ ಮೇಲೆ ಗೂಡು ಕಟ್ಟಿ, ನಮ್ಮ ಮಕ್ಕಳ ಗಲಾಟೆಯ ನಡುವೆಯೇ ಮರಿ ಮಾಡುವ ಬಿಳಿ ಕೊಕ್ಕರೆಯಲ್ಲ ಇದು. ಇದು ಮನುಷ್ಯರನ್ನು ಸಹಿಸದ ಜಾತಿ. ಉಲಿಯೋನಾ ನಾಯಿಯ ಕೊರಳಿಗೆ ಹಗ್ಗ ಹಾಕಿ, ಹೆಜ್ಜೆ ಹಿಂದಿಟ್ಟು ಹಿಂದಿಟ್ಟು ಹೊರಬಂದಳು. ಆ ಓಕ್ ಮರದ ಕಾಂಡದ ಮೇಲೆ ಕೆಂಪು ಬಣ್ಣದ ಗೀಟು ಇದ್ದದ್ದು ಅವಳಿಗೆ ಹಿಂದೆ ಸರಿಯುವಾಗ ಕಂಡಿತು.

ಆ ಗೀಟಿನ ಅರ್ಥವನ್ನು ಊಟದ ಮೇಜಿನಲ್ಲಿ ಪ್ರಾನಾಸನೇ ಹೇಳಿದ. ಅವನು ಮರ ಕಡಿಯುವ ತಂಡದವನು.

"ಚಳಿ ಬಿದ್ದ ಮೇಲೆ ಓಕ್ ತಗ್ಗಿಗೆ ಗರಗಸ. ಈ ಸಲ ಮನೆ ಹತ್ರಾನೇ ಕೆಲಸ, ಮಧ್ಯಾಹ್ನ ಊಟಕ್ಕೆ ಬಂದ್ಬಿಡ್ತೀನಿ."

"ಪೂರ್ತಿ ತಗ್ಗಾ?"

"ಗುರುತು ಹಾಕಿದ್ದೆಲ್ಲ. ಯಾಕೆ?"

ಅವಳು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ತೊಳೆದ ತಟ್ಟೆಗಳನ್ನೇ ಮತ್ತೊಮ್ಮೆ ತೊಳೆಯುತ್ತ ಯೋಚಿಸಿದಳು. ಹಕ್ಕಿಗಳು ಬೇಸಿಗೆಯ ಕೊನೆಗೆ ದಕ್ಷಿಣಕ್ಕೆ ಹೊರಟುಬಿಡುತ್ತವೆ, ಮುಂದಿನ ವರ್ಷ ಅದೇ ಗೂಡಿಗೆ ಮರಳುತ್ತವೆ. ಆಮೇಲೆ ಹೇಳಿದರೆ ಹಳೇ ಕಾಗೆಗೂಡೆಂದು ನಕ್ಕಾರು. ಈಗಲೇ ಹೇಳಬೇಕು, ಗೂಡಿನಲ್ಲಿ ಮರಿಗಳಿರುವಾಗ. ಆದರೆ ಈಗ ಹೇಳಿದರೆ ಅಪರೂಪದ ಹಕ್ಕಿಯ ಗೂಡೆಂದು ತಗ್ಗಿಗೆ ಬೇಲಿ ಬೀಳುತ್ತದೆ. ನೀಲಿಹಣ್ಣು ಕಪ್ಪಾಗುವ, ಹಳದಿ ಅಣಬೆ ತಲೆಯೆತ್ತುವ ಹೊತ್ತಿಗೇ ಊರಿನ ಹೆಂಗಸರೆಲ್ಲ ಹೊರಗೆ ನಿಲ್ಲುತ್ತಾರೆ. ಮತ್ತು ಅವಳೂ.

ಮರುದಿನ ಅವಳು ಅರಣ್ಯಾಧಿಕಾರಿ ಗಿಂತಾರಾಸನ ಮನೆಗೆ ಹೋದಳು. ಅವನು ಸಭ್ಯ ಮನುಷ್ಯ. ದುರ್ಬೀನು ತೆಗೆದುಕೊಂಡು ಅವಳ ಜೊತೆ ಬಂದು, ದೂರದಿಂದ ಗೂಡನ್ನು ನೋಡಿದ. ದುರ್ಬೀನು ಇಳಿಸಿ ಹೇಳಿದ:

"ಉಲಿಯೋನಾ ಅಕ್ಕ, ಮರ ಉಳಿಯತ್ತೆ. ಆದ್ರೆ ಕಾನೂನು ಎಲ್ರಿಗೂ ಒಂದೇ. ಹಿಮ ಕರಗಿದಾಗಿಂದ ಮರಿ ಹಾರೋ ತನಕ ಯಾರೂ ಕಾಲಿಡೋ ಹಾಗಿಲ್ಲ. ನೀವೂ ಅಷ್ಟೇ. ನಾಯಿ ಜೊತೆ ಅಂತೂ ಇಲ್ವೇ ಇಲ್ಲ. ಮುಂದಿನ ವರ್ಷಾನೂ ಹೀಗೇ."

"ಗೊತ್ತು."

"ಇನ್ನೊಂದ್ಸಲ ಯೋಚ್ನೆ ಮಾಡ್ತೀರಾ?"

"ಪಾತ್ರೆ ತೊಳೀವಾಗ ಮಾಡಿಯಾಯ್ತು. ಬೋರ್ಡ್ ಹಾಕಿ."

ತಗ್ಗಿನ ದಾರಿಗೆ ಪ್ರವೇಶವಿಲ್ಲವೆಂಬ ಬೋರ್ಡು ಬಿತ್ತು. ವಾರಕ್ಕೊಮ್ಮೆ ಬರುವ ರೊಟ್ಟಿಗಾಡಿಗೆ ಕಾಯುತ್ತ ಹೆಂಗಸರು ನಿಂತಿದ್ದ ಬೆಳಿಗ್ಗೆ ಉಲಿಯೋನಾ ಚೀಲ ಹಿಡಿದು ಬಂದಳು.

"ದಾರಿ ಬಿಡ್ರೇ, ಕೊಕ್ಕರೆ ತಾಯಿ ಬಂದ್ಲು" ಎಂದಳು ಬ್ರೋನೆ.

"ಬ್ರೋನೆ, ಅದು ಕರಿ ಕೊಕ್ಕರೆ ಕಣೇ. ಜನ ಹತ್ರ ಹೋದ್ರೆ ಮರಿ ಬಿಟ್ಟು ಹೋಗ್ಬಿಡತ್ತೆ."

"ಕರಿದೋ ಬಿಳಿದೋ! ನಿಜ ಹೇಳು, ನಿನ್ನ ಕೊಕ್ಕರೆ ಹಳದಿ ಟೋಪಿ ಹಾಕ್ಕೊಂಡಿದ್ಯಾ? ಪಾಚಿ ಒಳಗಿಂದ ಎದ್ದು ಬರತ್ತಾ?"

ನಗು ಎದ್ದಿತು. ಹಿಂದಿನಿಂದ ಮುದುಕಿಯೊಬ್ಬಳು ಸೇರಿಸಿದಳು: "ಜಾಗ ಮುಚ್ಚಿಡೋಕೆ ನಮ್ಮಜ್ಜಿ ಅಲ್ಲಿ ಹಾವಿದೆ ಅಂತಿದ್ಲು. ಇವ್ಳು ಸರ್ಕಾರದ ಬೋರ್ಡನ್ನೇ ನೆಡಿಸಿದ್ಲು ನೋಡ್ರೇ. ಕಾಲ ಎಷ್ಟು ಮುಂದುವರೀತು!"

"ನಾವು ಹೊರಗೆ, ಇವ್ಳು ಒಳಗೆ" ಎಂದಳು ಬ್ರೋನೆ. ಈ ಸಲ ದನಿಯಲ್ಲಿ ನಗುವಿರಲಿಲ್ಲ. ಅವಳ ಮನೆಯ ಚಳಿಗಾಲದ ಜಾಮೆಲ್ಲ ಆ ತಗ್ಗಿನ ಹಣ್ಣಿನದು. ಆ ಸಿಟ್ಟು ಸುಳ್ಳಲ್ಲವೆಂದು ಉಲಿಯೋನಾಗೂ ಗೊತ್ತಿತ್ತು. ಮೇಲೆ ಲಿಂಡೆನ್ ಮರದಲ್ಲಿ 'ತುಂಬಿದ ಕೊಡ' ಹಕ್ಕಿ ಕೂಗಿತು. ಅವಳ ಬೆರಳು ಮೇಲೇಳಲಿಲ್ಲ. ರೊಟ್ಟಿ ತೆಗೆದುಕೊಂಡು ಹೋದಳು.

ಆಮೇಲಿನ ದಿನಗಳಲ್ಲಿ ಅವಳು ಹೊರಗಿನ ದಿಬ್ಬದ ಹಾದಿ ಹಿಡಿದಳು. ಅಲ್ಲಿ ಬರೀ ಮರಳು, ಬೂದು ಕಲ್ಲುಹೂವು, ಹಣ್ಣಿಲ್ಲ, ಅಣಬೆಯಿಲ್ಲ. ಪೈನ್ ಕಾಯಿ ಬೇಕಾದಷ್ಟು ಉದುರಿತ್ತು. ಮೊದಲ ದಿನ ಅಭ್ಯಾಸದಂತೆ ಬಗ್ಗಿದಳು, ಒಂದನ್ನು ಎತ್ತಿಕೊಂಡಳು, ಕೈಯಲ್ಲಿ ತಿರುಗಿಸಿ ನೋಡಿದಳು. ಅಷ್ಟರಲ್ಲಿ ದೂರದ ಓಕ್ ತಲೆಗಳ ಮೇಲೆ ಕರಿ ರೆಕ್ಕೆಯ ಬಿಳಿ ಹೊಟ್ಟೆಯ ಒಂದು ಹಕ್ಕಿ ಸುತ್ತು ಹಾಕಿ, ನಿಧಾನವಾಗಿ ಇಳಿದು, ಅವಳು ಕಾಣಲಾರದ ಕಡೆ ಮರೆಯಾಯಿತು. ಅವಳು ಕಾಯನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು.

ಊರಿನ ನಡುಬೀದಿಯಲ್ಲಿ ಅವಳು ನಡೆದುಬಂದಾಗ ಬ್ರೋನೆ ಬೇಲಿಯ ಮೇಲೆ ಚಾಪೆ ಹರವಿ ಧೂಳು ಕೊಡವುತ್ತಿದ್ದಳು. ಉಲಿಯೋನಾಳ ಬುಟ್ಟಿಯ ಮೇಲೆ ಎಲೆಯಿರಲಿಲ್ಲ. ಬ್ರೋನೆ ಕೋಲು ನಿಲ್ಲಿಸಿ ಬಗ್ಗಿ ನೋಡಿದಳು. ಬುಟ್ಟಿಯ ತಳದ ಹೆಣಿಗೆ ಕಾಣುತ್ತಿತ್ತು.

"ಏನೂ ಇಲ್ವಲ್ಲೇ."

"ಇಲ್ಲ."

"ಮತ್ತೆ ಏನಕ್ಕೆ ಹೋಗಿದ್ದೆ?"

"ನೋಡೋಕೆ."

"ಕೆಲ್ಸ ಬಿಟ್ಟು?"

"ಹೂಂ. ಕೆಲ್ಸ ಬಿಟ್ಟು."

ಪಾಶಿಲೆಯ ಬೀದಿಯಲ್ಲಿ ಯಾವ ಹೆಂಗಸೂ ಅಲ್ಲಿಯವರೆಗೆ ಆ ಮಾತನ್ನು ಗಟ್ಟಿಯಾಗಿ ಆಡಿರಲಿಲ್ಲ. ಬ್ರೋನೆ ಚಾಪೆಯ ಕಡೆ ತಿರುಗಿ ಕೋಲೆತ್ತಿದಳು.

ಮನೆಯೊಳಗೆ ತೆಕ್ಲೆ ಒಲೆಯ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಕಾಡು ಏನು ಕೊಡ್ತು?"

ಉಲಿಯೋನಾ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ಏನೂ ಇಲ್ಲ ಅತ್ತೆ."

ಮುದುಕಿ ಬುಟ್ಟಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಕೇಳಿದಳು: "ಮರಿ ಎಷ್ಟು?"

"ಆಗ ಮೂರಿದ್ವು. ಈಗ ಗೊತ್ತಿಲ್ಲ. ಹೋಗೋ ಹಾಗಿಲ್ಲ."

"ನಿಂಗೂ?"

"ನಂಗೂ."

ತೆಕ್ಲೆ ಗೋಡೆ ಹಿಡಿದು ಎದ್ದಳು. ಊದಿದ ಕಾಲುಗಳನ್ನು ಎಳೆಯುತ್ತ ಒಲೆಯ ಬಳಿ ಹೋಗಿ ಬಟ್ಟಲಿಗೆ ಸೂಪು ಬಡಿಸಿದಳು. "ದಣಿದು ಬಂದಿದೀಯ" ಎಂದಳು. "ಕೂತ್ಕೋ. ಬಿಸಿಯಿದೆ."

ಆ ಬುಟ್ಟಿ ಈಗ ಕೊಟ್ಟಿಗೆಯ ಗೂಟದಲ್ಲಿದೆ. ಒಂದು ಕೋಳಿ ಅದರಲ್ಲಿ ಮೊಟ್ಟೆಯಿಡುವ ಅಭ್ಯಾಸ ಮಾಡಿಕೊಂಡಿದೆ. ಬ್ರೋನೆ ಇಂದಿಗೂ ಆ ತಗ್ಗಿನ ಹಣ್ಣು ಕೈತಪ್ಪಿದ್ದನ್ನು ಕ್ಷಮಿಸಿಲ್ಲ. ಪ್ರಾನಾಸ್ ಚಳಿಗಾಲದಲ್ಲಿ ದೂರದ ಕಾಡಿಗೆ ಹೋಗಬೇಕಾದ್ದಕ್ಕೆ ಗೊಣಗುತ್ತಾನೆ, ಅವನ ಬುತ್ತಿ ಕಟ್ಟುವ ಕೆಲಸವೂ ಉಲಿಯೋನಾಳ ಬೆಳಗಿಗೆ ಸೇರಿದೆ. ಅವಳು ಮಾತ್ರ ಬರಿಗೈಯಲ್ಲಿ, ರೂದಿಸ್ ಜೊತೆ, ದಿಬ್ಬದ ಹಾದಿಯಲ್ಲಿ ನಡೆಯುತ್ತಾಳೆ.

ಇದನ್ನು ತ್ಯಾಗವೆಂದು ಕರೆಯುವುದು ಸುಲಭ. ಹೆಂಗಸು ಏನನ್ನು ಬಿಟ್ಟರೂ ಆ ಹೆಸರು ಅವಳಿಗಾಗಿ ಸಿದ್ಧವಾಗಿಯೇ ಇರುತ್ತದೆ. ಉಲಿಯೋನಾ ಬಿಟ್ಟುಕೊಟ್ಟದ್ದು ಜಾಗವನ್ನು, ನಡಿಗೆಯನ್ನಲ್ಲ. ಅವಳಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಇಡೀ ದಿನ ಮನೆಗೆ ಕೊಟ್ಟು, ಅದರಿಂದ ಒಂದು ಚೂರನ್ನು ಏನೂ ತರದ ಕೆಲಸಕ್ಕೆಂದು ಕಿತ್ತಿಟ್ಟುಕೊಳ್ಳುತ್ತಾರೆ. ತಾವು ಪ್ರೀತಿಸಿದ್ದು ತಮ್ಮ ಕಣ್ಣಿಗೆ ಬೀಳದೆಯೂ ಬದುಕಿರಲಿ ಎಂದು ಬೇಲಿಯ ಹೊರಗೆ ನಿಲ್ಲುತ್ತಾರೆ. ಜನ ಅವರ ಬುಟ್ಟಿಯೊಳಗೆ ಇಣುಕಿ ನೋಡುತ್ತಾರೆ. ಅವರು ಮರದ ತುದಿ ನೋಡುತ್ತಿರುತ್ತಾರೆ.