ಹನ್ನೆರಡು ಕಿಲೋ

ಕಲಬುರಗಿಯ ಆಸ್ಪತ್ರೆಯಲ್ಲಿ ತೂಕದ ಯಂತ್ರ ಹತ್ತಿದಾಗ ಪಂಚಶೀಲಾ ಕೆಳಗೆ ನೋಡಲಿಲ್ಲ, ಎದುರಿಗೆ ಕೂತಿದ್ದ ಡಾಕ್ಟರ ಮುಖ ನೋಡಿದಳು. ಎಂಬತ್ತಾರು ಎಂದು ನರ್ಸ್ ಓದಿ ಹೇಳಿದಳು. ಚಪ್ಪಲಿ ಬಿಟ್ಟು ಮತ್ತೊಮ್ಮೆ ಹತ್ತಿದರೂ ಅಷ್ಟೇ ಬಂತು.

“ನಿಮ್ಮ ತಮ್ಮಗ ನಿಮ್ಮ ರಕ್ತ ಕೂಡ್ತದ, ನಿಮ್ಮ ಕಿಡ್ನಿ ಎರಡೂ ಚಲೋ ಅವ,” ಎಂದರು ಡಾಕ್ಟರು. “ಆದ್ರ ಇಷ್ಟು ತೂಕದಾಗ ಆಪರೇಷನ್ ಮಾಡಿದ್ರ ನಿಮ್ಮ ಜೀವಕ್ಕ ಕುತ್ತು. ಹನ್ನೆರಡು ಕಿಲೋ ಇಳಿಸಿಕೊಂಡು ಬರ್ರಿ. ಐದು ತಿಂಗಳು ಹಿಡೀಲಿ, ನಿಧಾನ ಇಳಿಸ್ರಿ.”

ಪಕ್ಕದಲ್ಲಿ ಕೂತಿದ್ದ ತಮ್ಮ ಸುನೀಲಕುಮಾರ ನೆಲ ನೋಡುತ್ತಿದ್ದ. ಮೂವತ್ತನಾಲ್ಕು ವರ್ಷ ಅವನಿಗೆ. ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದವನಿಗೆ ತನಗೆ ಬಿಪಿ ಇದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಎರಡೂ ಕಿಡ್ನಿಗಳನ್ನು ತಿಂದು ಮುಗಿಸಿತ್ತು. ಸೈದಾಪುರದ ಮನೆಯಲ್ಲಿ ಅವನ ಜೊತೆಗಿದ್ದ ತಾಯಿ ಮೋನಮ್ಮಳಿಗೆ ಸಕ್ಕರೆ ಕಾಯಿಲೆ, ಅವಳ ಕಿಡ್ನಿ ನಡೆಯುವುದಿಲ್ಲ. ತಂದೆ ಇಲ್ಲ. ಮನೆಗೆ ಹೆಂಡತಿ ಬರುವ ಮೊದಲೇ ಕಾಯಿಲೆ ಬಂದಿತ್ತು. ಕಿಡ್ನಿ ಕೊಡಲು ಉಳಿದವಳು ಅಕ್ಕ ಒಬ್ಬಳೇ.

ಪಂಚಶೀಲಾ ರಂಗಂಪೇಟೆಯ ಶಾಲೆಯಲ್ಲಿ ಟೀಚರ್. ಸಣ್ಣವಳಿದ್ದಾಗಿನಿಂದ ಮೈ ತುಂಬಿಕೊಂಡೇ ಬೆಳೆದವಳು. ದಪ್ಪ ಟೀಚರ್ ಎಂದು ಮಕ್ಕಳು ಬೆನ್ನ ಹಿಂದೆ ಅನ್ನುವುದು ಅವಳಿಗೆ ಗೊತ್ತಿತ್ತು, ಅದಕ್ಕೆ ಅವಳು ತಲೆ ಕೆಡಿಸಿಕೊಂಡವಳಲ್ಲ. ಶಾಲೆ ಬಿಟ್ಟು ಬರುವಾಗ ಮಂಡಕ್ಕಿಯ ಸುಸಲಾ ಕಟ್ಟಿಸಿಕೊಂಡು, ನಾಲ್ಕು ಮಿರ್ಚಿ ಭಜಿ ಹಾಕಿಸಿಕೊಂಡು ಮನೆಗೆ ಬಂದು, ಸಕ್ಕರೆ ಜಾಸ್ತಿ ಇರುವ ಚಹಾದ ಜೊತೆ ಗಂಡ ಭೀಮೇಶನೊಂದಿಗೆ ಕೂತು ತಿನ್ನುವುದೇ ಅವಳ ದಿನದ ಸುಖ. ಆ ಸುಖ ತಮ್ಮನ ಆಯುಷ್ಯಕ್ಕೆ ಅಡ್ಡ ನಿಂತೀತು ಎಂದು ಯಾರು ಅಂದುಕೊಂಡಿದ್ದರು?

ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ನಾಗರತ್ನಾ ಎಂಬಾಕೆ ಅವಳನ್ನು ಕೂರಿಸಿಕೊಂಡು ಅರ್ಧ ತಾಸು ಮಾತಾಡಿದಳು.

“ಟೀಚರ್, ಊಟ ಬಿಡಬ್ಯಾಡ್ರಿ. ತಾಟು ಬದಲು ಮಾಡ್ರಿ. ಅರ್ಧ ತಾಟು ಪಲ್ಯ, ಹಸಿ ಸೌತಿಕಾಯಿ ಇರಲಿ. ಮೂರು ರೊಟ್ಟಿ ತಿನ್ನೋರು ಒಂದೂವರಿಗೆ ಬರ್ರಿ. ಬ್ಯಾಳಿ, ಕಾಳು ದಿನಾ ಇರಬೇಕು. ಪೌಡರ್, ಗುಳಿಗಿ ಅಂತ ಯಾರರ ಹೇಳಿದ್ರ ಕಿವಿಗಿ ಹಾಕ್ಕೋಬ್ಯಾಡ್ರಿ.”

“ಜಲ್ದಿ ಇಳಿಸಬೇಕಾದ್ರ?”

“ಜಲ್ದಿ ಅಂಬೋದು ತಲಿಯೊಳಗಿಂದ ತಗೀರಿ. ಹಸಗೊಂಡು ಕುಂತ್ರ ಮೊದಲ ಏಟು ಕಿಡ್ನಿಗೇ ಬೀಳ್ತದ.”

ಅದು ನವೆಂಬರ್ ತಿಂಗಳು. ಮರುದಿನದಿಂದಲೇ ಪಂಚಶೀಲಾ ಬೆಳಿಗ್ಗೆ ಐದೂವರೆಗೆ ಎದ್ದು ರಂಗಂಪೇಟೆಯಿಂದ ಸುರಪುರದ ಬಸ್ ನಿಲ್ದಾಣದವರೆಗೆ ನಡೆದು ಬರತೊಡಗಿದಳು. ಮೊದಲ ವಾರ ಎರಡು ಕಡೆ ಕೂತು ಏಳಬೇಕಾಯಿತು, ಮೊಣಕಾಲು ಬಾತುಕೊಂಡಿತು. ಮಕ್ಕಳು ಬರುವ ಮೊದಲು ತರಗತಿಯ ಬಾಗಿಲು ಮುಂದೆ ಮಾಡಿಕೊಂಡು ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ಮಾಡುತ್ತಿದ್ದಳು. ಡಿಸೆಂಬರ್ ಕೊನೆಗೆ ಅದು ಮೂವತ್ತಾಯಿತು. ಪುಂಡಿಪಲ್ಯ, ಮೆಂತೆ, ಮೊಳಕೆ ಹೆಸರು, ಒಂದೂವರೆ ರೊಟ್ಟಿ, ಮಧ್ಯಾಹ್ನಕ್ಕೆ ಮಜ್ಜಿಗೆ. ಭೀಮೇಶ ತಾನೂ ಸಪ್ಪನೆ ಚಹಾ ಕುಡಿಯುವುದನ್ನು ರೂಢಿ ಮಾಡಿಕೊಂಡ. ಹೆಂಡತಿಯ ಹೊಟ್ಟೆ ಕೊಯ್ಯುವುದು ಅವನಿಗೆ ಮನಸ್ಸಿನಿಂದ ಬೇಕಿರಲಿಲ್ಲ. ಬೇಡ ಎನ್ನಲು ಬಾಯಿಯೂ ಬರಲಿಲ್ಲ.

ಶನಿವಾರ ಶಾಲೆ ಬೇಗ ಬಿಡುತ್ತಿತ್ತು. ಅಲ್ಲಿಂದಲೇ ಶಹಾಪುರದ ಬಸ್ ಹತ್ತಿ, ಅಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಯಾದಗಿರಿಗೆ ಹೋಗುತ್ತಿದ್ದಳು. ಬುಧವಾರ, ಶನಿವಾರ ತಮ್ಮನಿಗೆ ಅಲ್ಲಿ ಡಯಾಲಿಸಿಸ್. ನಾಲ್ಕು ತಾಸು ಅವನು ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತಿದ್ದ, ಇವಳು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಯಂತ್ರಕ್ಕೆ ಹಚ್ಚುವ ಮೊದಲು, ಬಿಡಿಸಿದ ಮೇಲೆ ಅವನನ್ನು ತೂಕಕ್ಕೆ ನಿಲ್ಲಿಸುತ್ತಿದ್ದರು. ದೇಹದಲ್ಲಿ ನಿಂತ ನೀರೆಲ್ಲ ಯಂತ್ರ ಎಳೆದುಬಿಡುತ್ತಿತ್ತು.

“ನೋಡಕ್ಕ, ನಾಕು ತಾಸಿನ್ಯಾಗ ಎರಡೂವರಿ ಕಿಲೋ ಇಳದೀನಿ ನಾ,” ಎಂದ ಒಮ್ಮೆ. “ನೀ ಎರಡು ತಿಂಗಳು ನಡದ್ರೂ ಐದು ಆಗಿಲ್ಲ.”

ನಗಿಸಬೇಕೆಂದು ಅಂದಿದ್ದ. ಅವಳು ನಕ್ಕಳು. ಅವನ ಮುಖ ಮಾತ್ರ ಬೂದಿ ಬಣ್ಣಕ್ಕಿತ್ತು, ತುಟಿಗಳು ಒಡೆದಿದ್ದವು. ದಿನಕ್ಕೆ ಮೂರು ಲೋಟಕ್ಕಿಂತ ಜಾಸ್ತಿ ನೀರು ಅವನಿಗೆ ಇರಲಿಲ್ಲ. ಚೀಲದಲ್ಲಿದ್ದ ತನ್ನ ನೀರಿನ ಬಾಟಲಿಯನ್ನು ಅವಳು ಅವನ ಮುಂದೆ ಒಂದು ಸಲವೂ ಹೊರಗೆ ತೆಗೆಯಲಿಲ್ಲ.

ಜನವರಿಯಲ್ಲಿ ಎಂಬತ್ತೊಂದು. ಫೆಬ್ರವರಿ ಮೊದಲಿಗೆ ಎಪ್ಪತ್ತೊಂಬತ್ತು. ಅಲ್ಲಿಗೆ ಬಂದು ನಿಂತುಬಿಟ್ಟಿತು. ನಡಿಗೆ ಒಂದು ತಾಸಿಗೆ ಏರಿಸಿದಳು, ಅನ್ನ ಪೂರ್ತಿ ಬಿಟ್ಟಳು. ಮೂರು ವಾರ ಕಳೆದರೂ ಅದೇ ಎಪ್ಪತ್ತೊಂಬತ್ತು. ನಾಗರತ್ನಾಗೆ ಫೋನು ಮಾಡಿದರೆ, “ಹಿಂಗ ನಿಲ್ತದ್ರಿ, ಎಲ್ಲರಿಗೂ ನಿಲ್ತದ. ಸುಮ್ನ ಮಾಡಿಕೋತ ಹೋಗ್ರಿ, ಮತ್ತ ಇಳೀತದ,” ಎಂದಳು. ಆ ಶನಿವಾರ ಯಾದಗಿರಿಯಲ್ಲಿ ಸುನೀಲನ ಪಕ್ಕದ ಹಾಸಿಗೆ ಖಾಲಿ ಇತ್ತು. ಪ್ರತಿ ವಾರ ಅಲ್ಲಿ ಮಲಗುತ್ತಿದ್ದ ಹುಲಗಪ್ಪ ಎಂಬ ಮುದುಕ ಬುಧವಾರವೇ ತೀರಿಹೋಗಿದ್ದ. ಸುನೀಲ ಆ ಹಾಸಿಗೆಯ ಕಡೆ ಬೆನ್ನು ಮಾಡಿ ಮಲಗಿದ್ದ.

ಮರಳಿ ಬರುವಾಗ ಬಸ್ಸಿನಲ್ಲೇ ಪಂಚಶೀಲಾ ನಿರ್ಧಾರ ಮಾಡಿಕೊಂಡಳು. ನಾಳೆಯಿಂದ ಊಟ ಇಲ್ಲ. ಗಂಡನ ಮುಂದೆ ತಾಟು ಹಚ್ಚಿಕೊಂಡು ಕೂತು, ಅವನು ಕೈ ತೊಳೆಯಲು ಎದ್ದಾಗ ರೊಟ್ಟಿಯನ್ನು ಮರಳಿ ಡಬ್ಬಿಗೆ ಹಾಕಿಬಿಡುತ್ತಿದ್ದಳು. ಹನ್ನೆರಡು ದಿನ ಮಜ್ಜಿಗೆ, ಒಂದು ಬಾಳೆಹಣ್ಣಿನ ಮೇಲೆ ಕಳೆದಳು. ಎಪ್ಪತ್ತೊಂಬತ್ತು ಎಪ್ಪತ್ತಾರಾಯಿತು. ಆ ಮೂರು ಕಿಲೋ ಕಂಡು ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಹದಿಮೂರನೇ ದಿನ, ಮಾರ್ಚ್ ತಿಂಗಳ ಬಿಸಿಲಲ್ಲಿ, ಪ್ರಾರ್ಥನೆಗೆ ಸಾಲು ನಿಲ್ಲಿಸಿದ ಮಕ್ಕಳ ಮುಂದೆ ಅವಳು ಕುಸಿದು ಬಿದ್ದಳು.

ಸಲಾಯಿನ್ ಹಚ್ಚಿ, ಕಲಬುರಗಿಗೆ ಕರೆದೊಯ್ದು ರಕ್ತ, ಮೂತ್ರ ತಪಾಸಣೆ ಮಾಡಿಸಿದರು. ಎಲ್ಲ ಏರುಪೇರು. ಕೊನೆಯ ಪರೀಕ್ಷೆಗಳಿಗೆ ಮಾರ್ಚ್ ಇಪ್ಪತ್ತಕ್ಕೆ ಬರಬೇಕೆಂದಿದ್ದ ಡಾಕ್ಟರು ಆ ತಾರೀಖು ಹೊಡೆದು ಹಾಕಿದರು.

“ಈ ರಿಪೋರ್ಟ್ ಹಿಡಕೊಂಡು ನಿಮ್ಮ ಕಿಡ್ನಿ ಮುಟ್ಟಾಕ ಆಗಲ್ಲ. ಒಂದು ತಿಂಗಳು ಬರೋಬ್ಬರಿ ಉಣ್ರಿ. ಏಪ್ರಿಲ್ ಕಡೀಗೆ ಬರ್ರಿ.”

“ಸರ್, ಎರಡೇ ಕಿಲೋ ಉಳದದ್ರಿ.”

“ಕಿಲೋ ಇಳಿದಾವ ಟೀಚರ್, ನೀವು ಅದರ ಸಂಗಾಟ ಇಳದೀರಿ. ನಾ ಏನು ಮಾಡ್ಲಿ?”

ತಮ್ಮನಿಗೆ ಹೇಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಯಂತ್ರದ ಪಕ್ಕ ಕೂತು, ಅವನ ಹೊದಿಕೆ ಸರಿ ಮಾಡುತ್ತ ಹೇಳಿದಳು. “ಇನ್ನೊಂದು ತಿಂಗಳು ತಡಕೋ ಸುನೀ. ತಪ್ಪು ನಂದೇ.”

ಅವನು ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ. ಆಮೇಲೆ, “ಬ್ಯಾಸಗಿ ಬಂತಲ್ಲಕ್ಕ,” ಎಂದ. “ನೀರಡಕಿ ತಡಕೊಳ್ಳಾಕ ಆಗವಲ್ದು.”

ಪಂಚಶೀಲಾ ಉಂಡಳು. ಔಷಧ ಕುಡಿದಂತೆ ಹೊತ್ತಿಗೆ ಸರಿಯಾಗಿ, ನಾಗರತ್ನಾ ಹೇಳಿದಷ್ಟೇ ಉಂಡಳು, ನಡೆದಳು. ತೂಕ ತಾನಾಗಿ ಇಳಿಯತೊಡಗಿತು. ಏಪ್ರಿಲ್ ಹದಿನಾರಕ್ಕೆ ಎಪ್ಪತ್ತನಾಲ್ಕೂವರೆ. ಹದಿನೇಳರ ಬೆಳಗ್ಗೆ ಆರಕ್ಕೆ ತಾಯಿಯ ಫೋನು ಬಂತು. ರಾತ್ರಿಯಿಂದ ಸುನೀಲನಿಗೆ ಕಾಲಲ್ಲಿ ಶಕ್ತಿಯೇ ಇಲ್ಲ, ಆಟೋದಲ್ಲಿ ಯಾದಗಿರಿಗೆ ಹೊರಟಿದ್ದೇವೆ ಎಂದಳು.

ಪಂಚಶೀಲಾ ಭೀಮೇಶನ ಗಾಡಿಯ ಮೇಲೆ ಯಾದಗಿರಿಯ ಆಸ್ಪತ್ರೆಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಂತ್ರಕ್ಕೆ ಹಚ್ಚುವ ಮೊದಲೇ ಎದೆಬಡಿತ ನಿಂತಿತ್ತು. ಬಾಗಿಲಲ್ಲಿ ನಿಂತಿದ್ದ ಅಲ್ಲಿಯ ಡಾಕ್ಟರು ಕೈಯಲ್ಲಿದ್ದ ರಿಪೋರ್ಟ್ ತೋರಿಸಿ, “ರಕ್ತದಾಗ ಪೊಟ್ಯಾಶಿಯಂ ಅಂತ ಒಂದು ಉಪ್ಪು ಇರ್ತದ. ಕಿಡ್ನಿ ಕೆಲಸ ಮಾಡದಿದ್ರ ಅದು ಹೊರಗ ಹೋಗಲ್ಲ, ಬಾಳ ಏರಿದ್ರ ಹಾರ್ಟ್ ನಿಂದರಿಸ್ತದ,” ಎಂದರು. “ಇಷ್ಟು ಒಮ್ಮೆಲೇ ಏರಬೇಕಾದ್ರ… ನಿನ್ನಿ ಏನರ ತಿಂದಿದ್ದನೇನ್ರಿ? ಹಣ್ಣು, ಎಳನೀರು?”

“ಇಲ್ರಿ,” ಎಂದಳು ಮೋನಮ್ಮ. “ರೊಟ್ಟಿ ತಿಂದಾನ. ಬರೀ ರೊಟ್ಟಿ.”

ಮಣ್ಣು ಕೊಟ್ಟು ಬಂದ ಮೇಲೆ, ಬಂಧುಗಳು ಬುದ್ಧ ವಂದನೆ ಹೇಳಿ ಎದ್ದುಹೋದ ಮೇಲೆ, ಪಂಚಶೀಲಾ ತಾಯಿಯನ್ನು ರಂಗಂಪೇಟೆಗೆ ಕರೆತಂದಳು. ಮೋನಮ್ಮಳ ಸಕ್ಕರೆ ಮುನ್ನೂರು ದಾಟಿತ್ತು. ದಿನವೂ ಅವಳಿಗೆ ಅಳೆದು ಬಡಿಸುವುದು, ಬೆಳಿಗ್ಗೆ ಕೈ ಹಿಡಿದು ಸ್ವಲ್ಪ ದೂರ ನಡೆಸುವುದು ಪಂಚಶೀಲಾಳ ಕೆಲಸವಾಯಿತು. ಹಾಕಿದ್ದನ್ನು ತಾಯಿ ಬೇಡ ಎನ್ನದೆ ತಿನ್ನುತ್ತಿದ್ದಳು.

ಜೂನಿನಲ್ಲಿ ಶಾಲೆ ಶುರುವಾದಾಗ ಬೇರೆ ಊರಿಂದ ವರ್ಗವಾಗಿ ಬಂದ ಟೀಚರೊಬ್ಬಳು ಪಂಚಶೀಲಾಳ ಹಳೇ ಫೋಟೊ ನೋಡಿ ಬೆರಗಾದಳು. “ಅಬ್ಬ ಮೇಡಂ, ಇದು ನೀವೇನ್ರಿ? ಏನು ಮಾಡಿದ್ರಿ, ನಮಗೂ ಹೇಳ್ರಿ.” ಉಳಿದವರು ಅವಳಿಗೆ ಕಣ್ಸನ್ನೆ ಮಾಡಿದರು. ಪಂಚಶೀಲಾ ಸಿಟ್ಟಾಗಲಿಲ್ಲ. ತಾಟಿನ ಅರ್ಧ ಪಲ್ಯ, ಒಂದೂವರೆ ರೊಟ್ಟಿ, ದಿನಾ ಒಂದು ತಾಸು ನಡಿಗೆ ಎಂದು ಹೇಳಿ, “ಉಪವಾಸ ಮಾತ್ರ ಮಾಡಬ್ಯಾಡವ್ವ,” ಎಂದು ತರಗತಿಗೆ ಹೋದಳು. ಅಳತೆ ದೊಡ್ಡದಾದ ರವಿಕೆಯ ತೋಳು ಜೋಲುತ್ತಿತ್ತು. ಅದನ್ನು ಹೊಲಿಸಿ ಸಣ್ಣ ಮಾಡಿಸಲು ಅವಳಿಗೆ ಮನಸ್ಸಾಗಿರಲಿಲ್ಲ.

ಒಂದು ಬೆಳಿಗ್ಗೆ ನಡೆಯುತ್ತ ಹೋದ ಮೋನಮ್ಮ ದಾರಿಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟಳು.

“ಪಂಚೂ, ಅವತ್ತು ಡಾಕ್ಟರ ಮುಂದ ನಾ ಸುಳ್ಳು ಹೇಳೀನಿ.”

ಪಂಚಶೀಲಾ ಪಕ್ಕದಲ್ಲಿ ಕೂತಳು.

“ಅದರ ಹಿಂದಿನ ದಿನ ನಮ್ಮೂರ ಸ್ಟೇಷನ್ ಮುಂದ ಎಳನೀರು ಗಾಡಿ ಬಂದಿತ್ತು. ಯವ್ವಾ, ಒಂದು ಕುಡಸು, ಗಂಟಲು ಸುಡಾಕತ್ತದ ಅಂದ. ಎಳನೀರು ತಂಪಲ್ಲೇನ ಪಂಚೂ? ಕಿಡ್ನಿಗಿ ಚಲೋ ಅಂತ ಎಲ್ಲಾರೂ ಅಂತಾರಲ್ಲ? ಎರಡು ಕೆತ್ತಿಸಿ ಕುಡಿಸೀನಿ. ಗಟಗಟ ಕುಡದ. ಕುಡದು ನಕ್ಕ.” ಮೋನಮ್ಮ ಮಗಳ ಕೈ ಹಿಡಿದುಕೊಂಡಳು. “ಅದಕ್ಕ ಹೋದನೇನು ಅಂವ? ನೀ ಓದಿದಾಕಿ, ಹೇಳು.”

ರಿಪೋರ್ಟಿನಲ್ಲಿದ್ದ ಅಂಕಿ ಪಂಚಶೀಲಾಳಿಗೆ ನೆನಪಿತ್ತು. ಡಾಕ್ಟರು ಕೇಳಿದ ಪ್ರಶ್ನೆಯೂ, ಅದಕ್ಕೆ ತಾಯಿ ಕೊಟ್ಟ ಉತ್ತರವೂ ನೆನಪಿದ್ದವು.

“ಎಳನೀರಿನಿಂದ ಏನೂ ಆಗಿಲ್ಲ ಯವ್ವ.”

“ಖರೇನ?”

“ಖರೇ. ಡಾಕ್ಟರಿಗಿ ಕೇಳೀನಿ ನಾ.”

ಮೋನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳ ಕಡೆ ತಿರುಗಿ ಕೇಳಿದಳು. “ಮತ್ತ ಯಾಕ ಹೋದ ನನ್ನ ಮಗ?”

“ನಂದು ತಡ ಆತು,” ಎಂದಳು ಪಂಚಶೀಲಾ.

ಇಲ್ಲ, ನಿನ್ನ ತಪ್ಪಲ್ಲ ಎಂದು ತಾಯಿ ಹೇಳಬಹುದೇನೋ ಎಂದು ಅವಳು ಒಂದು ಗಳಿಗೆ ಕಾದಳು. ಮೋನಮ್ಮ ಹೇಳಲಿಲ್ಲ. ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟು, ಕಟ್ಟೆಗೆ ಕೈ ಊರಿ ತಾನಾಗಿ ಎದ್ದು ಮನೆಯ ಕಡೆ ತಿರುಗಿದಳು. ಪಂಚಶೀಲಾ ಅವಳ ಹಿಂದೆ ನಡೆದಳು.