ತಡವಾಗಿ ಹೆದರಿದ ಎದೆ

ನನ್ನೊಳಗಿರುವುದು ಬೇರೊಬ್ಬರ ಹೃದಯ. ಕಸಿ ಮಾಡುವಾಗ ನರಗಳೆಲ್ಲ ಕಡಿದುಹೋದದ್ದರಿಂದ, ಅದರ ರಕ್ತನಾಳ ಕಟ್ಟಿಕೊಂಡರೂ ನನಗೆ ನೋವು ಗೊತ್ತಾಗುವುದಿಲ್ಲ. ಆ ರೋಗದ ಸುಳಿವು ರಕ್ತದಲ್ಲೇ ಸಿಗುತ್ತದೆಯೋ ನೋಡೋಣ ಎಂದು ಡಾಕ್ಟರು ಹೋದ ವಾರ ರಕ್ತ ತೆಗೆದುಕೊಂಡಿದ್ದರು. ಇವತ್ತು ಫಲಿತಾಂಶ. ಚೆನ್ನೈನ ಆಸ್ಪತ್ರೆಯ ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದೆ.

“ಕೂತ್ಕೊಳ್ರೀ, ನೆಲ ಸವೆದುಹೋಗತ್ತೆ,” ಎಂದಳು ಹೆಂಡತಿ ತಿಲಕವತಿ. “ಎದೆ ನೋಯ್ತಿದ್ಯಾ?”

“ನೋಯಲ್ಲ ಅನ್ನೋದೇ ಅಲ್ವೇನೇ ಭಯ. ಎಷ್ಟು ಸಲ ಹೇಳ್ಲಿ?”

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಕೈಕಾಲು ನಡುಗಿದವು. ಎದೆ ಮಾತ್ರ ತನಗೆ ಸಂಬಂಧವೇ ಇಲ್ಲದಂತೆ ಒಂದೇ ಸಮನೆ ಬಡಿಯುತ್ತಿತ್ತು.

“ರಕ್ತದಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಈ ಸಲ ಕೈಯ ರಕ್ತನಾಳದಿಂದ ಹೃದಯದವರೆಗೆ ತಂತಿ ತೂರಿಸಿ ನೋಡೋದು ಬೇಡ,” ಎಂದರು ಡಾಕ್ಟರು.

ಕ್ಯಾಂಟೀನಿನಲ್ಲಿ ಕಾಫಿ ಬರುವ ಹೊತ್ತಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ತಿಲಕವತಿ ಗಾಬರಿಯಾಗಿ ಕೈಯಿಟ್ಟು ನೋಡಿದಳು.

“ಎಲ್ಲಾ ಸರಿ ಇದೆ ಅಂದ್ರಲ್ಲ, ಈಗ್ಯಾಕ್ರೀ ಹೀಗೆ?”

“ಹೆಸರು ಕೂಗ್ದಾಗ ಹೆದರಿದ್ನಲ್ಲ, ಆ ಸುದ್ದಿ ಈ ಹೃದಯಕ್ಕೆ ಈಗ ಮುಟ್ಟಿದೆ. ನರ ಇಲ್ಲ, ಅದಕ್ಕೆ ಎಲ್ಲಾ ಸುದ್ದೀನೂ ರಕ್ತದಲ್ಲೇ ಹೋಗ್ಬೇಕು.”

ಅವಳು ಕೈ ತೆಗೆಯಲಿಲ್ಲ. ನನ್ನ ಎದೆಯ ಕಡೆ ಬಗ್ಗಿ, “ಏನೂ ಆಗಿಲ್ವಂತೆ ಕಣಪ್ಪ, ಹೆದರ್ಕೋಬೇಡ,” ಎಂದಳು.

ನನ್ನ ಹತ್ತಿರ ಬೆಳಗಿನಿಂದ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ.